ಜಠರದ ಲೋಳೆಯನ್ನು ಅಳೆಯುವ ಬಗೆ: ಕೋಶದೊಳಗಿನ ದಾಸ್ತಾನು ಬೇರೆ, ಹೊರಗಿನ ಪದರ ಬೇರೆ

ಜಠರದ ಒಳಗಿನ ಪೊಳ್ಳಿನಲ್ಲಿ ಆಮ್ಲ ತುಂಬಿದಾಗ ಪಿಎಚ್ 1ರಿಂದ 2 ಇರುತ್ತದೆ. ಅಲ್ಲಿಂದ ಕಾಲು ಮಿಲಿಮೀಟರಿನಷ್ಟು ಆಚೆ, ಒಳಗೋಡೆಯ ಜೀವಕೋಶದ ಮೈಮೇಲೆ, ಪಿಎಚ್ ಹೆಚ್ಚುಕಡಿಮೆ 7. ನಡುವೆ ಇರುವುದು ಲೋಳೆ, ಅದರಲ್ಲೂ ನೂರಕ್ಕೆ 95 ಪಾಲು ನೀರು. ಉಳಿದ ಅಲ್ಪ ಪಾಲಿನಲ್ಲಿರುವ ಮ್ಯೂಸಿನ್ ಎಂಬ ಸಕ್ಕರೆಭರಿತ ಪ್ರೋಟೀನು ಆ ನೀರನ್ನು ಹಿಡಿದು ಜೆಲ್ ಆಗಿಸುತ್ತದೆ. ಜೀವಕೋಶದಿಂದ ಬರುವ ಬೈಕಾರ್ಬೊನೇಟ್ ಆ ಜೆಲ್‌ನೊಳಗೆ ಸಿಕ್ಕಿ ನಿಂತು, ಒಳನುಗ್ಗುವ ಆಮ್ಲವನ್ನು ದಾರಿಯಲ್ಲೇ ತಟಸ್ಥಗೊಳಿಸುತ್ತದೆ.

ಈ ಲೋಳೆಯನ್ನು ಪ್ರಯೋಗಾಲಯದಲ್ಲಿ ಅಳೆಯಲು ಹೊರಟವರು ಪದೇ ಪದೇ ಎಡವುವುದು ಒಂದೇ ಕಡೆ. ಸ್ಲೈಡಿನಲ್ಲಿ ಬಣ್ಣ ಗಾಢವಾಗಿ ಕಂಡರೆ ಲೋಳೆ ಹೆಚ್ಚಿದೆ, ಮಸುಕಾಗಿದ್ದರೆ ಕಡಿಮೆಯಾಗಿದೆ ಎಂದು ಬರೆದುಬಿಡುತ್ತಾರೆ. ಆ ಬಣ್ಣ ತೋರಿಸುವುದು ಬಹುಪಾಲು ಕೋಶದೊಳಗಿನ ದಾಸ್ತಾನನ್ನು. ಕೋಶ ಲೋಳೆಯನ್ನು ಹೊರಕ್ಕೆ ಸುರಿದ ಮರುಗಳಿಗೆಯಲ್ಲಿ ದಾಸ್ತಾನು ಬರಿದಾಗಿರುತ್ತದೆ, ಹೊರಗಿನ ಪದರ ದಪ್ಪಗಾಗಿರುತ್ತದೆ. ಆಗ ಸ್ಲೈಡು ಮಾತ್ರ ನೋಡಿದವರು ಸತ್ಯಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೆ ಬರುತ್ತಾರೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ದಾಸ್ತಾನು, ಪದರ, ಹೊಸ ಉತ್ಪಾದನೆ ಮೂರನ್ನೂ ಬೇರೆ ಬೇರೆಯಾಗಿ ಅಳೆಯಲಾಗುತ್ತದೆ.

ಮೊದಲು ತಿಳಿದಿರಬೇಕಾದದ್ದು

ಜಠರದಲ್ಲಿ ಲೋಳೆ ಸುರಿಸುವ ಕೋಶಗಳು ಮುಖ್ಯವಾಗಿ ಎರಡು ಬಗೆ. ಮೇಲ್ಮೈಯನ್ನೂ ಗುಳಿಗಳನ್ನೂ ಹೊದ್ದಿರುವ ಮೇಲ್ಪದರದ ಕೋಶಗಳು ಎಂಯುಸಿ5ಎಸಿ ಎಂಬ ಮ್ಯೂಸಿನ್ ಮಾಡುತ್ತವೆ. ಗ್ರಂಥಿಗಳ ಕುತ್ತಿಗೆಯಲ್ಲಿರುವ ಕೋಶಗಳೂ ಜಠರದ ಕೆಳತುದಿಯಾದ ಆಂಟ್ರಮ್‌ನ ಆಳದ ಗ್ರಂಥಿಗಳೂ ಎಂಯುಸಿ6 ಮಾಡುತ್ತವೆ. ಮೊದಲನೆಯದರ ಜೊತೆ ಟಿಎಫ್‌ಎಫ್1, ಎರಡನೆಯದರ ಜೊತೆ ಟಿಎಫ್‌ಎಫ್2 ಎಂಬ ಪುಟ್ಟ ಪೆಪ್ಟೈಡ್‌ಗಳೂ ಹೊರಬರುತ್ತವೆ. ಹೊರಗಿನ ಪದರದಲ್ಲಿ ಈ ಎರಡೂ ಮ್ಯೂಸಿನ್‌ಗಳು ಇರುತ್ತವೆ.

ಮ್ಯೂಸಿನ್ ತಯಾರಾಗುವುದು ನಿಧಾನದ ಕೆಲಸ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಎರಡೆರಡು ಅಣುಗಳು ಬಾಲದ ಕಡೆಯಿಂದ ಗಂಧಕದ ಬಂಧದಲ್ಲಿ ಜೋಡಿಯಾಗುತ್ತವೆ. ಗಾಲ್ಜಿಯಲ್ಲಿ ಅವಕ್ಕೆ ಸಕ್ಕರೆಯ ಕವಲುಗಳು ಅಂಟಿಕೊಳ್ಳುತ್ತವೆ. ಕೊನೆಗೆ ಅಣುವಿನ ತೂಕದಲ್ಲಿ ಹೆಚ್ಚಿನ ಪಾಲು ಸಕ್ಕರೆಯದೇ. ಆಮೇಲೆ ತಲೆಯ ಕಡೆಯಿಂದ ಬೆಸೆದುಕೊಂಡು ಉದ್ದ ಸರಪಳಿಯಾಗಿ, ಕ್ಯಾಲ್ಸಿಯಮ್ ಮತ್ತು ಸ್ವಲ್ಪ ಆಮ್ಲೀಯ ವಾತಾವರಣದ ನೆರವಿನಿಂದ ಒತ್ತೊತ್ತಾಗಿ ಮಡಚಿಕೊಂಡು ಗ್ರ್ಯಾನ್ಯೂಲ್‌ಗಳಲ್ಲಿ ಕೂರುತ್ತವೆ. ಇದಕ್ಕೆಲ್ಲ ಗಂಟೆಗಳು ಬೇಕು.

ಬಿಡುಗಡೆಗೆ ನಿಮಿಷಗಳು ಸಾಕು. ನರದ ತುದಿಯಿಂದ ಬಂದ ಅಸಿಟೈಲ್‌ಕೋಲಿನ್ ಕೋಶದೊಳಗಿನ ಕ್ಯಾಲ್ಸಿಯಮ್ ಏರಿಸಿದರೆ ಗ್ರ್ಯಾನ್ಯೂಲ್ ಪೊರೆಗೆ ತಾಗಿ ತೆರೆದುಕೊಳ್ಳುತ್ತದೆ. ಹೊರಗಿನ ಬೈಕಾರ್ಬೊನೇಟ್ ಆ ಮ್ಯೂಸಿನ್ನಿನಿಂದ ಕ್ಯಾಲ್ಸಿಯಮ್ಮನ್ನು ಕಿತ್ತುಕೊಳ್ಳುತ್ತದೆ, ಪಿಎಚ್ ಏರುತ್ತದೆ, ಮಡಚಿದ್ದ ಸರಪಳಿ ನೀರು ಹೀರಿ ನೂರಾರು ಪಟ್ಟು ಉಬ್ಬುತ್ತದೆ. ಬೈಕಾರ್ಬೊನೇಟ್ ಕೊರತೆಯಾದರೆ ಬಿಡುಗಡೆಯಾದ ಲೋಳೆಯೂ ಸರಿಯಾಗಿ ಬಿಚ್ಚಿಕೊಳ್ಳದೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ.

ಪ್ರೊಸ್ಟಾಗ್ಲಾಂಡಿನ್ ಇ2 ಮತ್ತೊಂದು ದೊಡ್ಡ ಹಿಡಿತ. ಇದು ಇಪಿ4 ಗ್ರಾಹಕದ ಮೂಲಕ ಲೋಳೆಯನ್ನು ಹೆಚ್ಚಿಸುತ್ತದೆ, ಇಪಿ1ರ ಮೂಲಕ ಬೈಕಾರ್ಬೊನೇಟನ್ನು. ಇಂಡೊಮೆಥಾಸಿನ್, ಆಸ್ಪಿರಿನ್‌ನಂಥ ನೋವುನಿವಾರಕಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಸುವ ಸೈಕ್ಲೊಆಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆದು ಈ ಹಿಡಿತವನ್ನೇ ಕತ್ತರಿಸುತ್ತವೆ. ನೈಟ್ರಿಕ್ ಆಕ್ಸೈಡ್ ಮತ್ತು ಸಂವೇದನಾ ನರಗಳು ಸುರಿಸುವ ಪೆಪ್ಟೈಡ್ ಆದ ಸಿಜಿಆರ್‌ಪಿ ಕೂಡ ಬಿಡುಗಡೆಯನ್ನು ಪ್ರಚೋದಿಸುತ್ತವೆ. ಇಜಿಎಫ್ ಎಂಬ ಬೆಳವಣಿಗೆಯ ಸಂಕೇತವನ್ನು ಹಿಡಿಯುವ ಗ್ರಾಹಕ ಕೆಲಸ ಮಾಡುವುದು ಮುಖ್ಯವಾಗಿ ಜೀನ್ ಮಟ್ಟದಲ್ಲಿ. ಅದರ ಫಲ ಕಾಣಲು ಗಂಟೆಗಟ್ಟಲೆ ಕಾಯಬೇಕು. ನಿಮ್ಮ ಪ್ರಯೋಗದ ಸಮಯಸೂಚಿ ಇದರ ಮೇಲೆ ನಿಂತಿದೆ: 15, 30, 60 ನಿಮಿಷದ ಮಾದರಿ ಬಿಡುಗಡೆಯನ್ನು ಹೇಳುತ್ತದೆ, 6 ಮತ್ತು 24 ಗಂಟೆಯ ಮಾದರಿ ಉತ್ಪಾದನೆಯನ್ನು ಹೇಳುತ್ತದೆ. ಒಂದೇ ಒಂದು ಹೊತ್ತಿನಲ್ಲಿ ತೆಗೆದ ಮಾದರಿ ಎರಡನ್ನೂ ಕಲಸಿಬಿಡುತ್ತದೆ.

ಅಂಗಾಂಶ ತೆಗೆಯುವಾಗ

ಪ್ರಾಣಿ ಅಂಗಾಂಶವಾದರೂ ಮನುಷ್ಯರ ಬಯಾಪ್ಸಿಯಾದರೂ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬಂದ ಮೇಲೆಯೇ ಕೆಲಸ ಶುರುಮಾಡಿ.

ಇಲಿಗಳನ್ನು 18ರಿಂದ 24 ಗಂಟೆ ಉಪವಾಸ ಇಡುವುದು ರೂಢಿ. ನೀರು ಬೇಕಾದಷ್ಟು ಕೊಡಬೇಕು. ಗೂಡಿನ ನೆಲಕ್ಕೆ ತಂತಿಜಾಲರಿ ಹಾಕದಿದ್ದರೆ ಇಲಿ ತನ್ನ ಹಿಕ್ಕೆಯನ್ನೂ ಹಾಸಿಗೆಯ ಹೊಟ್ಟನ್ನೂ ತಿಂದುಬಿಡುತ್ತದೆ, ಉಪವಾಸ ಹೆಸರಿಗಷ್ಟೇ ಆಗುತ್ತದೆ. ಇಲಿಯ ಜಠರದ ಮುಂಭಾಗ ತೆಳ್ಳಗೆ, ಬೆಳ್ಳಗೆ ಇರುತ್ತದೆ. ಅದು ಚರ್ಮದಂಥ ಪದರಪದರದ ಹೊದಿಕೆ, ಅಲ್ಲಿ ಲೋಳೆಕೋಶಗಳೇ ಇಲ್ಲ. ಅದನ್ನು ಗ್ರಂಥಿಭಾಗದಿಂದ ಬೇರ್ಪಡಿಸುವ ಎತ್ತರದ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಗೆರೆಯುದ್ದಕ್ಕೂ ಕತ್ತರಿಸಿ ಮುಂಭಾಗವನ್ನು ಬಿಸಾಡಿ. ಅದನ್ನು ಸೇರಿಸಿ ತೂಕ ಮಾಡಿದರೆ ಪ್ರತಿ ಗ್ರಾಮಿನ ಲೆಕ್ಕ ಸುಳ್ಳಾಗುತ್ತದೆ.

ಕಾರ್ಪಸ್ ಎನ್ನುವ ನಡುಭಾಗವನ್ನೂ ಆಂಟ್ರಮ್ಮನ್ನೂ ಒಟ್ಟಿಗೆ ಸೇರಿಸಬೇಡಿ. ಜೀವಂತ ಇಲಿಯಲ್ಲಿ ಅಳೆದಾಗ ಗಟ್ಟಿಯಾಗಿ ಅಂಟಿದ ಪದರ ಕಾರ್ಪಸ್‌ನಲ್ಲಿ ಸುಮಾರು 80 ಮೈಕ್ರೊಮೀಟರ್, ಆಂಟ್ರಮ್‌ನಲ್ಲಿ ಸುಮಾರು 150. ಅದರ ಮೇಲಿನ ಸಡಿಲ ಪದರವೂ ಸೇರಿದರೆ ಕ್ರಮವಾಗಿ 190 ಮತ್ತು 270ರ ಆಸುಪಾಸು. ಎರಡು ಜಾಗಗಳ ಸಹಜ ವ್ಯತ್ಯಾಸವೇ ಇಷ್ಟಿರುವಾಗ, ಒಂದು ಗುಂಪಿನ ತುಂಡು ಕಾರ್ಪಸ್‌ನಿಂದ, ಇನ್ನೊಂದರದು ಆಂಟ್ರಮ್‌ನಿಂದ ಬಂದರೆ ಔಷಧಿಯಿಲ್ಲದೆಯೇ ಪರಿಣಾಮ ಕಾಣಿಸುತ್ತದೆ.

ತೆಗೆದ ಅಂಗಾಂಶ ಐದು ನಿಮಿಷದೊಳಗೆ, ಅದನ್ನು ಕೆಡದಂತೆ ಹಿಡಿದಿಡುವ ಫಿಕ್ಸೇಟಿವ್‌ನಲ್ಲಿ ಮುಳುಗಿರಬೇಕು. ಪೆಪ್ಸಿನ್ ಮತ್ತು ಆಮ್ಲ ನಿಮಗಾಗಿ ಕಾಯುವುದಿಲ್ಲ. ಮೊದಲು ಕರಗುವುದೇ ಮೇಲ್ಪದರದ ಕೋಶಗಳು.

ಫಿಕ್ಸ್ ಮಾಡುವುದು

ಪ್ರಶ್ನೆ ಕೋಶದೊಳಗಿನ ದಾಸ್ತಾನಿನದ್ದಾದರೆ ಮಾಮೂಲಿ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಸಾಕು. ಅಂಗಾಂಶದ ಇಪ್ಪತ್ತು ಪಟ್ಟು ದ್ರಾವಣ, 24 ಗಂಟೆ. ಹೊರಗಿನ ಪದರ ಬೇಕಿದ್ದರೆ ಫಾರ್ಮಲಿನ್ ಕೈಕೊಡುತ್ತದೆ. ಅದು ನೀರಿನ ದ್ರಾವಣ. ಮ್ಯೂಸಿನ್ನಿನ ಸಕ್ಕರೆ ಕವಲುಗಳನ್ನು ಹಿಡಿದುಕೊಳ್ಳದು. ಲೋಳೆ ತೊಳೆದುಹೋಗುತ್ತದೆ, ಉಳಿದದ್ದು ಆಲ್ಕೋಹಾಲ್‌ನಲ್ಲಿ ಕುಗ್ಗಿ ನೂಲಿನಂತೆ ಅಂಟಿಕೊಳ್ಳುತ್ತದೆ.

ಪದರಕ್ಕೆ ಮೆಥಕಾರ್ನ್ ಬಳಸಿ. 100 ಮಿಲಿಗೆ 60 ಮಿಲಿ ನೀರಿಲ್ಲದ ಮೆಥನಾಲ್, 30 ಮಿಲಿ ಕ್ಲೋರೋಫಾರ್ಮ್, 10 ಮಿಲಿ ಗ್ಲೇಶಿಯಲ್ ಅಸಿಟಿಕ್ ಆಮ್ಲ. ಅವತ್ತಿನದು ಅವತ್ತೇ ಬೆರೆಸಿ, ಏಕೆಂದರೆ ಇಟ್ಟರೆ ಆಮ್ಲವೂ ಮೆಥನಾಲೂ ಕೂಡಿ ಎಸ್ಟರ್ ಆಗುತ್ತವೆ. ಕೆಲಸ ಫ್ಯೂಮ್ ಹುಡ್‌ನೊಳಗೇ ನಡೆಯಬೇಕು. ಬಳಸಿದ ದ್ರಾವಣ ಹ್ಯಾಲೊಜನ್ ತ್ಯಾಜ್ಯದ ಡಬ್ಬಿಗೆ ಹೋಗಬೇಕು, ಸಿಂಕಿಗಲ್ಲ.

ಜಠರವನ್ನು ಸಲೈನ್‌ನಲ್ಲಿ ತೊಳೆಯಬೇಡಿ. ಒಳಗಿರುವ ಅಂಶದ ಸಮೇತ ತುಂಡನ್ನು ನೇರವಾಗಿ ದ್ರಾವಣಕ್ಕೆ ಬಿಡಿ. ಕನಿಷ್ಠ 3 ಗಂಟೆ. ಇದರಲ್ಲಿ ಎರಡು ವಾರದವರೆಗೂ ಇಡಬಹುದು. ಆಮೇಲೆ ಮೆಥನಾಲ್‌ನಲ್ಲಿ 30 ನಿಮಿಷ ಎರಡು ಸಲ, ಶುದ್ಧ ಎಥನಾಲ್‌ನಲ್ಲಿ 20 ನಿಮಿಷ ಎರಡು ಸಲ, ಜೈಲೀನ್‌ನಲ್ಲಿ 15 ನಿಮಿಷ ಎರಡು ಸಲ, ನಂತರ ಪ್ಯಾರಾಫಿನ್. ಈ ಸಾಲಿನಲ್ಲಿ ಎಲ್ಲಿಯೂ ನೀರು ಸೋಕಬಾರದು. ಪ್ರಯೋಗಾಲಯದ ಯಂತ್ರಕ್ಕೆ ಮಾಮೂಲಿ ಕಾರ್ಯಕ್ರಮದಲ್ಲಿ ಹಾಕಿದರೆ ಅದು 70% ಆಲ್ಕೋಹಾಲಿನಿಂದ ಶುರುಮಾಡುತ್ತದೆ, ನೀವು ಜೋಪಾನ ಮಾಡಿದ ಪದರ ಅಲ್ಲೇ ಹಾಳಾಗುತ್ತದೆ. ಕೈಯಲ್ಲೇ ಮಾಡಿ.

ಎರಡು ಸಣ್ಣ ವಿಷಯ, ಇಡೀ ಮಾದರಿಯನ್ನೇ ನುಂಗುವಂಥವು. ಕ್ಲೋರೋಫಾರ್ಮ್ ಪಾಲಿಸ್ಟೈರೀನ್ ಡಬ್ಬಿಯನ್ನು ಕರಗಿಸುತ್ತದೆ. ಗಾಜಿನ ಬಾಟಲಿ ಬಳಸಿ. ಮಾರ್ಕರಿನ ಶಾಯಿಯೂ ಕರಗುತ್ತದೆ. ಲೇಬಲ್ಲನ್ನು ಸೀಸದ ಕಡ್ಡಿಯಲ್ಲಿ ಬರೆಯಿರಿ. ಮೆಥಕಾರ್ನ್‌ನಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಅಂಗಾಂಶ ಕುಗ್ಗುತ್ತದೆ. ಆದ್ದರಿಂದ ಫಾರ್ಮಲಿನ್ ಸ್ಲೈಡನ್ನು ಮೆಥಕಾರ್ನ್ ಸ್ಲೈಡಿನ ಜೊತೆ ಎಂದೂ ಹೋಲಿಸಬೇಡಿ.

ಬಣ್ಣ ಹಾಕುವುದು

4ರಿಂದ 5 ಮೈಕ್ರೊಮೀಟರ್ ಸೆಕ್ಷನ್. ಮೆಥಕಾರ್ನ್ ಸೆಕ್ಷನ್ನು ನೀರಿನ ಮೇಲೆ ತೇಲುವ ಹೊತ್ತು ಆದಷ್ಟು ಕಡಿಮೆ ಇರಲಿ. ಆಲ್ಷಿಯನ್ ಬ್ಲೂ ಮತ್ತು ಪಿಎಎಸ್ (ಪೀರಿಯಾಡಿಕ್ ಆಮ್ಲ-ಷಿಫ್) ಬಣ್ಣ ಎರಡನ್ನೂ ಒಂದೇ ಸ್ಲೈಡಿಗೆ ಹಾಕುವ ಕ್ರಮ ಹೀಗೆ.

ಆಲ್ಷಿಯನ್ ಬ್ಲೂ 8ಜಿಎಕ್ಸ್ 1 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 3 ಮಿಲಿ, ಭಟ್ಟಿ ಇಳಿಸಿದ ನೀರು 97 ಮಿಲಿ. ಪಿಎಚ್ 2.5ಕ್ಕೆ ತಂದು ಸೋಸಿ. ಮೇಣ ತೆಗೆದು ನೀರಿಗೆ ತಂದ ಸೆಕ್ಷನ್ನನ್ನು ಇದರಲ್ಲಿ 30 ನಿಮಿಷ ಇಟ್ಟು, ಹರಿಯುವ ನೀರಿನಲ್ಲಿ 2ರಿಂದ 5 ನಿಮಿಷ ತೊಳೆಯಿರಿ. ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, 0.5% ಪೀರಿಯಾಡಿಕ್ ಆಮ್ಲದಲ್ಲಿ 5ರಿಂದ 10 ನಿಮಿಷ ಇಡಿ. ಮತ್ತೆ ಭಟ್ಟಿ ಇಳಿಸಿದ ನೀರು, ಆಮೇಲೆ ಷಿಫ್ ದ್ರಾವಣದಲ್ಲಿ 15 ನಿಮಿಷ. ಉಗುರುಬೆಚ್ಚಗಿನ ಹರಿಯುವ ನೀರಿನಲ್ಲಿ 5ರಿಂದ 10 ನಿಮಿಷ ತೊಳೆದರೆ ಕೆನ್ನೀಲಿಗೆಂಪು ಏರುತ್ತದೆ. ಹಿಮಟಾಕ್ಸಿಲಿನ್ 1 ನಿಮಿಷ ಮೀರದಿರಲಿ, ಇಲ್ಲದಿದ್ದರೆ ಅದರ ನೀಲಿ ಆಲ್ಷಿಯನ್ ನೀಲಿಯನ್ನು ಮುಚ್ಚುತ್ತದೆ.

ಆಲ್ಷಿಯನ್ ಬ್ಲೂ ಮೊದಲು, ಪಿಎಎಸ್ ನಂತರ. ಮೊದಲೇ ಆಲ್ಷಿಯನ್ ಹಿಡಿದ ಆಮ್ಲೀಯ ಮ್ಯೂಸಿನ್ ಷಿಫ್‌ಗೆ ಸಿಗುವುದಿಲ್ಲ, ನೀಲಿಯಾಗಿಯೇ ಉಳಿಯುತ್ತದೆ. ತಟಸ್ಥ ಮ್ಯೂಸಿನ್ ಕೆನ್ನೀಲಿಗೆಂಪು, ಎರಡೂ ಬೆರೆತದ್ದು ನೇರಳೆ. ಕ್ರಮ ತಿರುಗುಮುರುಗಾದರೆ ಈ ಬೇರ್ಪಡೆ ಕೆಡುತ್ತದೆ.

ಷಿಫ್ ದ್ರಾವಣ ಹಳತಾದರೆ ಇಡೀ ತಂಡದ ಸ್ಲೈಡುಗಳು ಮಸುಕಾಗುತ್ತವೆ, ಲೋಳೆ ಕಡಿಮೆಯಾಗಿದೆ ಎನಿಸುತ್ತದೆ. ಪ್ರತಿ ಸಲ ಪರೀಕ್ಷಿಸಿ: 10 ಮಿಲಿ ಗಾಢ ಫಾರ್ಮಾಲ್ಡಿಹೈಡ್ ದ್ರಾವಣಕ್ಕೆ ಕೆಲವು ಹನಿ ಷಿಫ್ ಬಿಟ್ಟಾಗ ತಕ್ಷಣ ಕೆಂಪುನೇರಳೆ ಬಂದರೆ ಸರಿ. ನಿಧಾನವಾಗಿ ನೀಲಿನೇರಳೆಗೆ ತಿರುಗಿದರೆ ಆ ಬಾಟಲಿ ಕೆಟ್ಟಿದೆ. ಗ್ಲೈಕೊಜನ್ ಕೂಡ ಪಿಎಎಸ್ ಹಿಡಿಯುತ್ತದೆ. ಪಕ್ಕದ ಸೆಕ್ಷನ್ನಿಗೆ 0.1% ಡಯಾಸ್ಟೇಸ್ ಅನ್ನು ಪಿಎಚ್ 6ರ ಬಫರಿನಲ್ಲಿ 37 ಡಿಗ್ರಿಯಲ್ಲಿ 1 ಗಂಟೆ ಕೊಟ್ಟು ಹೋಲಿಸಿ. ಅದರ ನಂತರವೂ ಉಳಿದ ಬಣ್ಣ ಮ್ಯೂಸಿನ್ನಿನದು.

ಆರೋಗ್ಯವಂತ ಜಠರದ ಮೇಲ್ಪದರ ಕೆನ್ನೀಲಿಗೆಂಪಾಗಿ ಕಾಣಬೇಕು. ಅಲ್ಲಿ ಸ್ಪಷ್ಟ ನೀಲಿಯ ಹೂಜಿ ಆಕಾರದ ಕೋಶಗಳು ಸಿಕ್ಕರೆ ಅದು ಬಣ್ಣದ ತಪ್ಪಲ್ಲ. ಅದು ಜಠರದ ಹೊದಿಕೆ ಕರುಳಿನ ಹೊದಿಕೆಯಂತೆ ಬದಲಾಗಿರುವ ಗುರುತು. ಮನುಷ್ಯರ ಬಯಾಪ್ಸಿಯಲ್ಲಿ ಇದನ್ನು ರೋಗಶಾಸ್ತ್ರಜ್ಞರಿಗೆ ತೋರಿಸದೆ ಮುಂದೆ ಹೋಗಬಾರದು.

ಯಾವ ಬಗೆಯ ಕೋಶ ಎಂದು ಬಿಡಿಸಿ ಹೇಳಬೇಕಾದರೆ ಬಣ್ಣ ಸಾಲದು. ಮನುಷ್ಯರ ಅಂಗಾಂಶದಲ್ಲಿ ಎಂಯುಸಿ5ಎಸಿಗೆ 45ಎಂ1, ಎಂಯುಸಿ6ಕ್ಕೆ ಸಿಎಲ್‌ಎಚ್5 ಎಂಬ ಪ್ರತಿಕಾಯಗಳಿವೆ. ಇಲಿಮರಿಯಷ್ಟು ಪುಟ್ಟ ಮೌಸ್ ಜಠರದಲ್ಲಿ ಸಕ್ಕರೆ ಕವಲುಗಳಿಗೆ ಅಂಟುವ ಪ್ರೋಟೀನುಗಳಾದ ಲೆಕ್ಟಿನ್‌ಗಳಲ್ಲಿ ಯುಇಎ-1 ಮೇಲ್ಪದರದ ಕೋಶಗಳನ್ನೂ ಜಿಎಸ್-2 ಲೆಕ್ಟಿನ್ ಕುತ್ತಿಗೆಯ ಕೋಶಗಳನ್ನೂ ಹಿಡಿಯುತ್ತದೆ.

ಎಣಿಸುವಾಗ, ಗುಳಿ ಬಾಯಿಯಿಂದ ಬುಡದವರೆಗೆ ಉದ್ದಕ್ಕೆ ಕತ್ತರಿಸಿರುವ ಜಾಗಗಳನ್ನು ಮಾತ್ರ ತೆಗೆದುಕೊಳ್ಳಿ. ಓರೆ ಕತ್ತರಿಕೆಯಲ್ಲಿ ದಾಸ್ತಾನು ಎರಡು ಪಟ್ಟು ಕಾಣಬಹುದು. ಪ್ರತಿ ಪ್ರಾಣಿಯಿಂದ ಹತ್ತು ಕ್ಷೇತ್ರ, ಮೇಲ್ಮೈಯ ಪ್ರತಿ ಮಿಲಿಮೀಟರಿಗೆ ಬಣ್ಣ ಹಿಡಿದ ವಿಸ್ತೀರ್ಣ. ಎಣಿಸುವವರಿಗೆ ಗುಂಪು ಯಾವುದೆಂದು ಗೊತ್ತಿರಬಾರದು.

ಹಸಿ ಪದರದ ದಪ್ಪ

ಎಷ್ಟೇ ಜೋಪಾನ ಮಾಡಿದರೂ ಪ್ಯಾರಾಫಿನ್ ಸ್ಲೈಡಿನ ಲೋಳೆ ನೀರು ಕಳೆದುಕೊಂಡ ಲೋಳೆ. ಅದರ ಮೈಕ್ರೊಮೀಟರುಗಳನ್ನು ನಿಜದ ದಪ್ಪ ಎಂದು ಬರೆಯಬಾರದು. ನಿಜದ ದಪ್ಪಕ್ಕೆ ಹಸಿ ಅಂಗಾಂಶವೇ ಬೇಕು, ಮತ್ತು ಅದಕ್ಕೆ ದುಬಾರಿ ಸಲಕರಣೆ ಬೇಡ. ಎರಡು ಬ್ಲೇಡುಗಳನ್ನು ಸುಮಾರು 1.5 ಮಿಲಿಮೀಟರ್ ಅಂತರದಲ್ಲಿ ಸಮಾನಾಂತರವಾಗಿ ಬಿಗಿದು, ಹಸಿ ಜಠರಗೋಡೆಯನ್ನು ಒಂದೇ ಒತ್ತಿಗೆ ಪಟ್ಟಿಯಾಗಿ ಕತ್ತರಿಸಿ. ಗರಗಸದಂತೆ ಎಳೆದರೆ ಜೆಲ್ ಬ್ಲೇಡಿನ ಜೊತೆ ಬರುತ್ತದೆ. ಪಟ್ಟಿಯನ್ನು ಪಕ್ಕಕ್ಕೆ ಮಲಗಿಸಿ ಸಲೈನ್‌ನಲ್ಲಿ ಇಟ್ಟು, ಕವರ್‌ಗ್ಲಾಸ್ ಒತ್ತದೆ, ಫೇಸ್ ಕಾಂಟ್ರಾಸ್ಟ್ ಅಥವಾ ಡಾರ್ಕ್ ಫೀಲ್ಡ್‌ನಲ್ಲಿ ನೋಡಿ. ಕೋಶಸಾಲಿನ ಕಪ್ಪು ಗೆರೆಗೂ ಹೊರಗಿನ ದ್ರವಕ್ಕೂ ನಡುವೆ ಅರೆಪಾರದರ್ಶಕ ಪಟ್ಟೆಯಾಗಿ ಲೋಳೆ ಕಾಣುತ್ತದೆ. ಅಂಚು ತಿಳಿಯದಿದ್ದರೆ ಇದ್ದಿಲಿನ ನುಣ್ಣನೆ ಪುಡಿಯ ಕೆಲವು ಕಣ ಉದುರಿಸಿ; ಕಣಗಳು ಜೆಲ್‌ನ ಹೊರಮೈಯಲ್ಲೇ ನಿಲ್ಲುತ್ತವೆ. ಕಣ ಒಳಕ್ಕೆ ಇಳಿದುಹೋದರೆ ಅಲ್ಲಿ ಪದರ ಹರಿದಿದೆ ಎಂದರ್ಥ. ಒಂದು ಪಟ್ಟಿಯಲ್ಲಿ ಸಮಾನ ಅಂತರದ ಹತ್ತಾರು ಕಡೆ ಅಳೆಯಿರಿ, ದಪ್ಪಗೆ ಕಂಡ ಕಡೆ ಮಾತ್ರವಲ್ಲ.

ಈ ವಿಧಾನದಲ್ಲಿ ಉಳಿಯುವುದು ಗಟ್ಟಿಯಾಗಿ ಅಂಟಿದ ಪದರ. ಸಡಿಲ ಪದರ ಕತ್ತರಿಸುವಾಗಲೇ ಜಾರಿಹೋಗುತ್ತದೆ, ಅದನ್ನು ಜೀವಂತ ಪ್ರಾಣಿಯಲ್ಲೇ ಅಳೆಯಬೇಕಾಗುತ್ತದೆ.

ಆಲ್ಷಿಯನ್ ಬ್ಲೂ ಬಂಧನ ವಿಧಾನ

ಅಂಟಿರುವ ಲೋಳೆ ಎಷ್ಟೆಂದು ಒಂದು ಸಂಖ್ಯೆಯಲ್ಲಿ ಹೇಳಲು ಇದು ಹಳೆಯ, ಇಂದಿಗೂ ಬಳಕೆಯಲ್ಲಿರುವ ಹಾದಿ. ಬೇಕಾದ ದ್ರಾವಣಗಳು, ತಲಾ 100 ಮಿಲಿಗೆ:

- ಬಣ್ಣ: ಸುಕ್ರೋಸ್ 5.48 ಗ್ರಾಂ, ನೀರಿಲ್ಲದ ಸೋಡಿಯಮ್ ಅಸಿಟೇಟ್ 0.41 ಗ್ರಾಂ, ಆಲ್ಷಿಯನ್ ಬ್ಲೂ 0.1 ಗ್ರಾಂ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 5.8.
- ತೊಳೆಯಲು: ಸುಕ್ರೋಸ್ 8.56 ಗ್ರಾಂ, ಅಂದರೆ 0.25 ಮೋಲಾರ್.
- ಬಿಡಿಸಲು: ಮೆಗ್ನೀಸಿಯಮ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 10.17 ಗ್ರಾಂ, ಅಂದರೆ 0.5 ಮೋಲಾರ್.

ಗ್ರಂಥಿಭಾಗವನ್ನು ತಣ್ಣನೆಯ 0.25 ಮೋಲಾರ್ ಸುಕ್ರೋಸ್‌ನಲ್ಲಿ ಮೆಲ್ಲಗೆ ಅದ್ದಿ ತೂಕ ಮಾಡಿ. 10 ಮಿಲಿ ಬಣ್ಣದಲ್ಲಿ 2 ಗಂಟೆ. ಅಂಟದೆ ಉಳಿದ ಬಣ್ಣ ಹೋಗಲು ಸುಕ್ರೋಸ್‌ನಲ್ಲಿ ಮೊದಲು 15 ನಿಮಿಷ, ದ್ರಾವಣ ಬದಲಿಸಿ 45 ನಿಮಿಷ. ನಂತರ 10 ಮಿಲಿ ಮೆಗ್ನೀಸಿಯಮ್ ಕ್ಲೋರೈಡ್‌ನಲ್ಲಿ 2 ಗಂಟೆ ಇಟ್ಟು, ಅರ್ಧ ಗಂಟೆಗೊಮ್ಮೆ 1 ನಿಮಿಷ ಅಲುಗಿಸಿ. ಬಂದ ನೀಲಿ ದ್ರವಕ್ಕೆ ಅಷ್ಟೇ ಪ್ರಮಾಣದ ಡೈಈಥೈಲ್ ಈಥರ್ ಸೇರಿಸಿ ಕುಲುಕಿ, ಸೆಂಟ್ರಿಫ್ಯೂಜ್ ಮಾಡಿ, ಕೆಳಗಿನ ನೀರಿನ ಪದರವನ್ನು 580 ನ್ಯಾನೊಮೀಟರಿನಲ್ಲಿ ಓದಿ. ಅದೇ ಮೆಗ್ನೀಸಿಯಮ್ ಕ್ಲೋರೈಡ್‌ನಲ್ಲಿ ಮಾಡಿದ ಆಲ್ಷಿಯನ್ ಬ್ಲೂ ಸ್ಟ್ಯಾಂಡರ್ಡ್‌ಗಳಿಂದ ಮೈಕ್ರೊಗ್ರಾಂ ಲೆಕ್ಕ ಹಾಕಿ, ಹಸಿ ಅಂಗಾಂಶದ ಪ್ರತಿ ಗ್ರಾಮಿಗೆ ಬರೆಯಿರಿ. ಈಥರ್ ಬಳಸುವ ಕೋಣೆಯಲ್ಲಿ ಬೆಂಕಿಯಾಗಲಿ ಹಾಟ್‌ಪ್ಲೇಟಾಗಲಿ ಇರಕೂಡದು.

ಓದು ಏರುಪೇರಾಗಲು ಕಾರಣಗಳು ಹೆಚ್ಚಾಗಿ ಇವೇ. ಈಥರ್ ಹಂತ ಬಿಟ್ಟರೆ ಕೊಬ್ಬಿನ ಮಸುಕು ಬೆಳಕನ್ನು ತಡೆದು ಸಂಖ್ಯೆ ಉಬ್ಬುತ್ತದೆ. ಜಠರವನ್ನು ಚೆನ್ನಾಗಿ ತೊಳೆಯೋಣವೆಂದು ನೀರಿನ ಚಿಮ್ಮು ಹಾಯಿಸಿದರೆ ಅಳೆಯಬೇಕಾದದ್ದೇ ಹೋಗುತ್ತದೆ. ಗಾಯವಾಗಿ ಊದಿಕೊಂಡ ಜಠರ ನೀರಿನಿಂದ ಭಾರವಾಗಿರುತ್ತದೆ; ಆಗ ಲೋಳೆ ಅಷ್ಟೇ ಇದ್ದರೂ ಪ್ರತಿ ಗ್ರಾಮಿನ ಲೆಕ್ಕ ಇಳಿಯುತ್ತದೆ. ಇಂಥ ಕಡೆ ವಿಸ್ತೀರ್ಣಕ್ಕೆ ಭಾಗಿಸುವುದು ಮೇಲು.

ಇನ್ನೊಂದು ಮಿತಿ ಹೆಚ್ಚು ಆಳದ್ದು. ಈ ಬಣ್ಣ ಅಂಟುವುದು ಮ್ಯೂಸಿನ್ನಿನ ಋಣ ಆವೇಶದ ಗುಂಪುಗಳಿಗೆ. ಕೋಶ ಅಷ್ಟೇ ಮ್ಯೂಸಿನ್ ಮಾಡುತ್ತಾ ಅದಕ್ಕೆ ಹೆಚ್ಚು ಸಯಾಲಿಕ್ ಆಮ್ಲವನ್ನೋ ಸಲ್ಫೇಟನ್ನೋ ಹಚ್ಚಿದರೂ ಸಂಖ್ಯೆ ಏರುತ್ತದೆ. ಆದ್ದರಿಂದ ಈ ಒಂದೇ ಸಂಖ್ಯೆಯಿಂದ ಉತ್ಪಾದನೆ ಹೆಚ್ಚಿತು ಎನ್ನಲು ಬಾರದು.

ಕೋಶಗಳಲ್ಲೇ ನಿಯಂತ್ರಣ ನೋಡುವುದು

ಜಠರದ ಕಾಂಡಕೋಶಗಳಿಂದ ಬೆಳೆಸಿದ ಪುಟ್ಟ ಜಠರರೂಪಗಳಾದ ಆರ್ಗನಾಯ್ಡ್‌ಗಳಿಂದ ಮಾಡಿದ ಚಪ್ಪಟೆ ಪದರ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಎಚ್‌ಟಿ29-ಎಂಟಿಎಕ್ಸ್ ಎಂಬ ಕೋಶಸಾಲು ಧಾರಾಳವಾಗಿ ಎಂಯುಸಿ5ಎಸಿ ಸುರಿಸುತ್ತದೆ, ಆದರೆ ಅದರ ಮೂಲ ದೊಡ್ಡಕರುಳು ಎಂಬುದು ಬರಹದಲ್ಲಿ ಸ್ಪಷ್ಟವಾಗಿ ಬರಬೇಕು.

ಮಾಧ್ಯಮ ಬದಲಿಸುವ ಅಲುಗಾಟವೇ ಲೋಳೆಯನ್ನು ಕದಡಿ ಹೊರತರಬಹುದು. ಬದಲಿಸಿ ಒಂದು ಗಂಟೆ ಬಿಟ್ಟು, ಆ ಗಂಟೆಯ ದ್ರವವನ್ನು ಮೂಲರೇಖೆಯಾಗಿ ತೆಗೆದಿಟ್ಟುಕೊಂಡು ಆಮೇಲೆ ಪ್ರಚೋದಕ ಕೊಡಿ. ಸಾಮಾನ್ಯವಾಗಿ ಅಸಿಟೈಲ್‌ಕೋಲಿನ್‌ನಂತೆ ವರ್ತಿಸುವ ಕಾರ್ಬಕಾಲ್ 100 ಮೈಕ್ರೊಮೋಲಾರ್, ಪ್ರೊಸ್ಟಾಗ್ಲಾಂಡಿನ್ ಇ2 1 ಮೈಕ್ರೊಮೋಲಾರ್, ತಡೆಗೆ ಇಂಡೊಮೆಥಾಸಿನ್ 10 ಮೈಕ್ರೊಮೋಲಾರ್‌ನಿಂದ ಶುರುಮಾಡಿ ಏರಿಳಿತ ನೋಡಬಹುದು. ಕರಗಿಸಲು ಬಳಸುವ ಡಿಎಂಎಸ್‌ಒ 0.1% ಮೀರಬಾರದು, ಅಷ್ಟೇ ಡಿಎಂಎಸ್‌ಒ ಕಂಟ್ರೋಲ್ ಗುಂಪಿಗೂ ಹೋಗಬೇಕು. ಇಂಡೊಮೆಥಾಸಿನ್ ಕೊಟ್ಟಾಗ ಲೋಳೆ ಇಳಿದರೆ, ಹೊರಗಿನಿಂದ ಪ್ರೊಸ್ಟಾಗ್ಲಾಂಡಿನ್ ಇ2 ಸೇರಿಸಿ ಅದು ಮರಳುವುದೇ ನೋಡಿ. ಮರಳದಿದ್ದರೆ ನೀವು ಕಂಡದ್ದು ಕೋಶಗಳ ಸಾವು ಇರಬಹುದು. ಸತ್ತ ಕೋಶದಿಂದ ಹೊರಬರುವ ಕಿಣ್ವವಾದ ಎಲ್‌ಡಿಎಚ್‌ನ ಸೋರಿಕೆ ಅಳೆದರೆ ತಿಳಿಯುತ್ತದೆ.

ಮ್ಯೂಸಿನ್ ಸರಪಳಿ ಸಾಮಾನ್ಯ ಪಾಲಿಅಕ್ರಿಲಮೈಡ್ ಜೆಲ್‌ನ ಬಾಯಿಯಲ್ಲೇ ನಿಂತುಬಿಡುತ್ತದೆ, ಒಳಗೆ ಹೋಗುವುದಿಲ್ಲ. 1% ಅಗರೋಸ್ ಜೆಲ್ ಅಥವಾ ಡಾಟ್ ಬ್ಲಾಟ್ ಬಳಸಿ. ಕೋಶಪದರದ ಮೇಲೆ ಅಂಟಿರುವ ಜೆಲ್ಲನ್ನು ಬಿಡಿಸಲು 6 ಮೋಲಾರ್ ಗ್ವಾನಿಡೀನಿಯಮ್ ಕ್ಲೋರೈಡ್, 5 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಸೋಡಿಯಮ್ ಫಾಸ್ಫೇಟ್, ಪಿಎಚ್ 6.5, ಪ್ರೋಟಿಯೇಸ್ ತಡೆಗಳ ಸಮೇತ. ಮೇಲಿನ ದ್ರವವನ್ನಷ್ಟೇ ಪರೀಕ್ಷಿಸಿದರೆ ಕೋಶಗಳಿಗೆ ಅಂಟಿ ಕೂತ ಪಾಲು ಲೆಕ್ಕದಿಂದ ಜಾರುತ್ತದೆ. ಎಂಯುಸಿ5ಎಸಿ ಆರ್‌ಎನ್‌ಎಯನ್ನು 6 ಮತ್ತು 24 ಗಂಟೆಗೆ ಪ್ರತ್ಯೇಕವಾಗಿ ನೋಡಿ. ಅದು ಉತ್ಪಾದನೆಯ ಮುನ್ಸೂಚನೆ, ಬಿಡುಗಡೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸಂಖ್ಯೆಗಳನ್ನು ಜೊತೆಗಿಟ್ಟು ಓದುವುದು

ದಾಸ್ತಾನು ಇಳಿದು ಪದರ ದಪ್ಪಗಾಗಿದ್ದರೆ ಬಿಡುಗಡೆಯಾಗಿದೆ. ದಾಸ್ತಾನು ಏರಿ ಪದರ ತೆಳುವಾಗಿದ್ದರೆ ಕೋಶ ತಯಾರಿಸುತ್ತಿದೆ, ಹೊರಬಿಡಲಾಗುತ್ತಿಲ್ಲ. ಎರಡೂ ಏರಿ ಆರ್‌ಎನ್‌ಎಯೂ ಏರಿದ್ದರೆ ಉತ್ಪಾದನೆಯೇ ಹೆಚ್ಚಿದೆ. ಎರಡೂ ಇಳಿದಿದ್ದರೆ ಒಂದೋ ಕೋಶ ಬರಿದಾಗಿದೆ, ಇಲ್ಲವೇ ಮೇಲ್ಪದರವೇ ಉದುರಿದೆ. ಹಿಮಟಾಕ್ಸಿಲಿನ್ ಸ್ಲೈಡಿನಲ್ಲಿ ಕೋಶಸಾಲು ಅಖಂಡವಾಗಿದೆಯೇ ಎಂದು ನೋಡಿದರೆ ಉತ್ತರ ಸಿಗುತ್ತದೆ.

ದಾಸ್ತಾನು ಬದಲಾಗದೆ ಪದರ ಮಾತ್ರ ತೆಳುವಾಗಿದ್ದರೆ ಕೋಶಗಳನ್ನು ದೂಷಿಸುವ ಮೊದಲು ಹೊರಗಡೆ ಹುಡುಕಿ. ಪದರದ ದಪ್ಪವೆಂದರೆ ಕೋಶ ಕೊಟ್ಟದ್ದರಿಂದ ಸವೆದದ್ದನ್ನು ಕಳೆದ ಲೆಕ್ಕ. ಪೆಪ್ಸಿನ್ ಮ್ಯೂಸಿನ್ನಿನ ಸಕ್ಕರೆಯಿಲ್ಲದ ಭಾಗಗಳನ್ನು ಕತ್ತರಿಸುತ್ತದೆ, ಎನ್-ಅಸಿಟೈಲ್‌ಸಿಸ್ಟೀನ್ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ತನ್ನ ಯೂರಿಯೇಸಿನಿಂದ ಅಮೋನಿಯ ಮಾಡಿ ಸುತ್ತಲಿನ ಪಿಎಚ್ ಏರಿಸುತ್ತದೆ. ಆಮ್ಲದಲ್ಲಿ ಗಟ್ಟಿಯಾಗಿದ್ದ ಜೆಲ್ ಅಲ್ಲಿ ತೆಳುವಾಗಿ, ಬ್ಯಾಕ್ಟೀರಿಯ ಈಜಿಕೊಂಡು ಒಳಸೇರುತ್ತದೆ. ಮನುಷ್ಯರ ಮಾದರಿಗಳಲ್ಲಿ ಈ ಸೋಂಕು ಇದೆಯೇ ಇಲ್ಲವೇ ಎಂಬುದನ್ನು ಮೊದಲೇ ಪರೀಕ್ಷಿಸಿ ಗುಂಪು ಮಾಡಿ. ಹಾಗೆಯೇ ಕಳೆದ ದಿನಗಳಲ್ಲಿ ನುಂಗಿದ ನೋವುನಿವಾರಕಗಳನ್ನೂ ಕೇಳಿ ಬರೆದುಕೊಳ್ಳಿ. ಮೇಲ್ಪದರದ ಕೋಶಗಳು ಕೆಲವೇ ದಿನ ಬದುಕಿ ಉದುರಿ ಹೊಸದಾಗುವುದರಿಂದ, ಕಡೆಯ ಒಂದು ವಾರದ ವಿವರವಾದರೂ ಬೇಕು.